ಗಂಗಾಂಬಿಕೆಯ ಮೈಮೇಲಿನ ಕಲೆ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನ ಜೆರಾಕ್ಸ್ ಅಂಗಡಿಗೂ ಗಂಗಾಂಬಿಕೆಯ ಬ್ಯೂಟಿ ಪಾರ್ಲರಿಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಎಂಥ ಗೋಡೆ ಅಂತೀರಿ, ಆಚೆ ಅವಳು ಹುಬ್ಬಿಗೆ ದಾರ ಹಾಕಿ ಎಳೆದರೆ ಗಿರಾಕಿ 'ಆಯ್' ಅನ್ನುವುದು ಈಚೆ ನನಗೆ ಕೇಳುತ್ತದೆ. ಅವಳ ಮನೆಯೂ ಪಾರ್ಲರಿನ ಹಿಂದೆಯೇ. ಹೀಗಿರುವಾಗ ಅವಳ ಸಂಸಾರದ ಸುದ್ದಿಯನ್ನು ನನಗೆ ಯಾರೂ ಬಂದು ಹೇಳಬೇಕಾಗಿಲ್ಲ. ಹೇಮಶ್ರೀಗೆ ಊರ ಉಸಾಬರಿ ಜಾಸ್ತಿ ಎನ್ನುವವರು ಎನ್ನಲಿ, ನನಗೇನೂ ಬೇಜಾರಿಲ್ಲ.

ಗಂಗಾಂಬಿಕೆ ಗುಬ್ಬಿ ತಾಲ್ಲೂಕು ಚೇಳೂರಿನವಳು. ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಪ್ರಭುದೇವನನ್ನು ಮದುವೆಯಾಗಿ ತುಮಕೂರಿಗೆ ಬಂದಳು, ಮಗಳು ಸುಮನಾ ಹುಟ್ಟಿದ ಮೇಲೆ ಮನೆಯ ಮುಂದಿನ ರೂಮಿನಲ್ಲೇ ಪಾರ್ಲರ್ ತೆರೆದಳು. ಅವಳ ಮುಖ, ಕತ್ತು, ತೋಳಿನ ತುಂಬ ಕಪ್ಪು ಬಿಳಿ ಕಲೆಗಳು. ಉಗುರುಗಳು ಗೀರು ಗೀರು. ಮೊದಲ ಸಲ ಬಂದವರು ಹೊರಗಿನ ಬೋರ್ಡನ್ನೊಮ್ಮೆ ಅವಳನ್ನೊಮ್ಮೆ ನೋಡಿ ಬಾಗಿಲಲ್ಲೇ ಹಿಂದೆ ಮುಂದೆ ನೋಡುತ್ತಿದ್ದರು. "ನನ್ನ ಯಾಕ್ ನೋಡ್ತೀರಿ, ಒಳಗ್ ಬಂದು ಕನ್ನಡೀಲಿ ನಿಮ್ಮನ್ ನೋಡ್ಕಳಿ" ಎಂದು ನಕ್ಕು ಕೂರಿಸುತ್ತಿದ್ದಳು. ಒಂದು ಸಲ ಕೂತವರು ಮತ್ತೆ ಬೇರೆ ಕಡೆ ಹೋಗುತ್ತಿರಲಿಲ್ಲ. ಮದುಮಗಳ ಮೇಕಪ್ಪಿಗೆ ಅವಳ ಕೈ ಎಂದರೆ ಕೈ.

ಕಲೆಗಿಂತ ಅವಳನ್ನು ಕಾಡಿದ್ದು ಕಣ್ಣು. ಅವಳಿಗೆ ಕಣ್ಣೀರು ಬರುವುದಿಲ್ಲ. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಬರುವುದಿಲ್ಲ. ಬ್ಯಾಗಿನಲ್ಲಿ ಸದಾ ಕಣ್ಣಿಗೆ ಹಾಕುವ ಡ್ರಾಪ್ಸ್ ಇರಬೇಕು. ರೆಪ್ಪೆಯ ಕೂದಲು ಒಳಮುಖವಾಗಿ ಬೆಳೆದು ಚುಚ್ಚುವುದರಿಂದ ಕನ್ನಡಿಯ ಮುಂದೆ ನಿಂತು ಚಿಮಟದಲ್ಲಿ ತಾನೇ ಕಿತ್ತುಕೊಳ್ಳುತ್ತಿದ್ದಳು. ನೋಡುವ ನನಗೇ ಮೈ ಜುಂ ಅನ್ನುತ್ತಿತ್ತು. ಅವಳ ಅಪ್ಪ ಅಡವಿಯಪ್ಪ ತೀರಿಕೊಂಡಾಗ ಹೆಣದ ಮುಂದೆ ಒಂದು ಹನಿಯೂ ಬರದೆ ಕೂತಿದ್ದವಳನ್ನು ಕಂಡು ಚೇಳೂರಿನ ಹೆಂಗಸರು ಏನೇನು ಆಡಿಕೊಂಡರೋ! ಅಂಥ ಬಾಯಿಗಳಿಗೆ ಬೀಗ ಹಾಕಬೇಕು.

ಇದೆಲ್ಲಕ್ಕೂ ಅವಳ ಬಳಿ ಒಂದೇ ಉತ್ತರವಿತ್ತು. "ಚಿಕ್ಕೋಳಿದ್ದಾಗ ಅಮ್ಮ ಆಗಿತ್ತಂತೆ ಹೇಮಕ್ಕ. ಮೈಯೆಲ್ಲಾ ಎದ್ದಿತ್ತಂತೆ. ಉಳಿದಿದ್ದೇ ಹೆಚ್ಚು ಅಂತಾಳೆ ನಮ್ಮವ್ವ." ಸಿಡುಬಿನಿಂದ ಜೀವ ಉಳಿಸಿದ ತಾಯಿಗೆ ಎಂದು ವರ್ಷ ವರ್ಷ ಚೇಳೂರಿಗೆ ಹೋಗಿ ಮಾರಮ್ಮನ ಗುಡಿಯಲ್ಲಿ ಮೊಸರನ್ನದ ತಂಪು ಮಾಡಿ ಬರುತ್ತಿದ್ದಳು. ಕತ್ತಿನಲ್ಲಿ ಲಿಂಗ ಕಟ್ಟಿಕೊಂಡು ಮಾರಮ್ಮನಿಗೆ ಯಾಕೆ ಅಡ್ಡ ಬೀಳ್ತೀಯೇ ಎಂದು ನಾನು ರೇಗಿಸಿದರೆ, "ನಿಂಗೇನ್ ಗೊತ್ತು ಸುಮ್ನಿರಕ್ಕ" ಅನ್ನುತ್ತಿದ್ದಳು.

ಹೋದ ವರ್ಷ ಬೇಸಿಗೆಯ ಶುರುವಿನಲ್ಲಿ ಸುಮನಾಗೆ ಫಿಟ್ಸ್ ಬಂತು. ಬಿ.ಕಾಂ. ಓದುವ ಹುಡುಗಿ, ಪಾರ್ಲರಿನಲ್ಲಿ ಅಮ್ಮನಿಗೆ ಟವೆಲ್ ಮಡಚಿ ಕೊಡುತ್ತಿದ್ದವಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದು ಕೈಕಾಲು ಸೆಟೆದುಕೊಂಡಳು. ಫೇಷಿಯಲ್ ಹಚ್ಚಿಕೊಂಡಿದ್ದ ಹೆಂಗಸು ಬಿಳಿ ಮುಖದಲ್ಲೇ ಎದ್ದು ಬೀದಿಗೆ ಓಡಿತು. ನಾನು ಓಡಿ ಹೋಗುವಷ್ಟರಲ್ಲಿ ಯಾರೋ ಹುಡುಗಿಯ ಕೈಗೆ ಬೀಗದ ಕೈ ಗೊಂಚಲು ತುರುಕಿದ್ದರು. ಎರಡನೇ ಸಲವೂ ಬಂದ ಮೇಲೆ ಡಾಕ್ಟರ ಹತ್ತಿರ ಹೋದೆವು. ಜೊತೆಗೆ ನಾನೂ ಇದ್ದೆ.

ಡಾಕ್ಟರು ಎಲ್ಲ ಕೇಳಿದರು. "ಮನೇಲಿ ಯಾರಿಗಾದ್ರೂ ಫಿಟ್ಸ್ ಇತ್ತಾ? ಯಾವುದಾದ್ರೂ ಮಾತ್ರೆ ಆಗದೆ ಯಾರಿಗಾದ್ರೂ ಮೈ ಚರ್ಮ ಎದ್ದಿತ್ತಾ?"

"ಯಾರಿಗೂ ಇಲ್ಲ ಸಾರ್" ಎಂದಳು ಗಂಗಾಂಬಿಕೆ. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದನ್ನೇ ಹೇಳಿದಳು.

ಕಾರ್ಬಮಜೆಪಿನ್ ಎಂಬ ಮಾತ್ರೆ ಬರೆದುಕೊಟ್ಟರು. ಒಂದು ಹೊತ್ತೂ ತಪ್ಪಿಸಬೇಡಿ ಎಂದರು. ಮೈಮೇಲೆ ಏನಾದರೂ ಎದ್ದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಎಂದೂ ಹೇಳಿದರು. ಮನೆಗೆ ಬಂದ ಮೇಲೆ ಪ್ರಭುದೇವ, "ಯಾರಿಗೂ ಹೇಳೋದ್ ಬೇಡ. ನಾಳೆ ಮದ್ವೆ ಆಗೋ ಹುಡ್ಗಿ. ನಿಮ್ಮವ್ವಂಗೂ ಹೇಳ್ಬೇಡ" ಎಂದ. ನನ್ನ ಕಡೆಗೂ ತಿರುಗಿ ಕೈ ಮುಗಿದ. ಪಾಪ, ಅವನು ಕೆಟ್ಟವನಲ್ಲ, ನಮ್ಮ ಕಡೆ ಅಪ್ಪಂದಿರು ಹಾಗೆಯೇ.

ಮಾತ್ರೆ ಶುರುವಾಗಿ ಎರಡು ಮೂರು ವಾರವಾಗಿತ್ತು. ಆಗಲೇ ನಮ್ಮ ಬೀದಿಯಲ್ಲಿ ಮಕ್ಕಳಿಗೆ ಅಮ್ಮ ಆಗುತ್ತಿತ್ತು, ಎದುರು ಮನೆಯಲ್ಲಿ ಇಬ್ಬರು ಮಲಗಿದ್ದರು. ಸುಮನಾಗೆ ಜ್ವರ ಬಂತು, ಗಂಟಲು ನೋವು, ಕಣ್ಣು ಕೆಂಪು. ಮಾರನೆಯ ದಿನ ಎದೆ ಮೇಲೆ, ಬೆನ್ನ ಮೇಲೆ ಕೆಂಪಗೆ ಎದ್ದಿತು. ಇನ್ನೇನು ಅನುಮಾನ? ಡಾಕ್ಟರು ಹೇಳಿದ್ದ ಮಾತು ನಮಗ್ಯಾರಿಗೂ ನೆನಪಾಗಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಒಗ್ಗರಣೆ ನಿಂತಿತು. ಅಮ್ಮ ಬಂದ ಮನೆಯಿಂದ ಆಸ್ಪತ್ರೆಗೆ ಹೋಗಬಾರದು, ಔಷಧಿ ಕೊಡಬಾರದು, ತಾಯಿ ಮುನಿಯುತ್ತಾಳೆ. ಆದರೆ ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದಲ್ಲ? ಅದನ್ನು ಮಾತ್ರ ಗಂಗಾಂಬಿಕೆ ಮೊಸರನ್ನದಲ್ಲಿ ಮುಚ್ಚಿ ತಿನ್ನಿಸುತ್ತಲೇ ಹೋದಳು. ಯಾವ ಔಷಧಿಯನ್ನೂ ಕೊಡದೆ, ಕೊಡಬಾರದ ಒಂದನ್ನೇ ಕೊಟ್ಟಳು!

ಮೊಮ್ಮಗಳಿಗೆ ಅಮ್ಮ ಆಗಿದೆ ಎಂಬ ಸುದ್ದಿ ಕೇಳಿ ಗಂಗಾಂಬಿಕೆಯ ಅವ್ವ ದಾಕ್ಷಾಯಣಿ ಅಜ್ಜಿ ಚೇಳೂರಿನಿಂದ ಬಸ್ಸು ಹಿಡಿದು ಬಂದಳು. ಎಳನೀರು, ಬಾಳೆಹಣ್ಣು ಎಲ್ಲ ಹೊತ್ತು ಬಂದಿದ್ದಳು. ನಾನು ಅವಳ ಹಿಂದೆಯೇ ಒಳಗೆ ಹೋದೆ. ಸುಮನಾ ಬಾಳೆ ಎಲೆಯ ಮೇಲೆ ಮಲಗಿದ್ದಳು. ತುಟಿಗಳು ಹುಣ್ಣಾಗಿ ಕಪ್ಪಗೆ ಕಟ್ಟಿದ್ದವು. ಕಣ್ಣು ಬಿಡಲಾಗುತ್ತಿರಲಿಲ್ಲ. ತೋಳಿನ ಮೇಲೆ ದೊಡ್ಡ ಬೊಬ್ಬೆಗಳು. ಅಜ್ಜಿ ಪ್ರೀತಿಯಿಂದ ಬೆನ್ನು ಮುಟ್ಟಿದಳು, ಬೆರಳಿಗೆ ಚರ್ಮ ಸುಲಿದು ಬಂತು.

ಅಜ್ಜಿಯ ಮುಖ ಬಿಳಿಚಿತು. ಮೆಲ್ಲಗೆ ತಿರುಗಿ, "ಗಂಗಾ, ಇವ್ಳಿಗೆ ಏನ್ ಮಾತ್ರೆ ಕೊಡ್ತಿದೀಯೇ?" ಎಂದಳು.

"ಯಾವ್ದೂ ಇಲ್ಲ ಕಣವ್ವ."

"ಸುಳ್ಳ್ ಹೇಳ್ಬೇಡ ಕಣೇ! ಇವ್ಳಿಗೆ ಪಿಡ್ಸ್ ಬಂದಿತ್ತಾ?"

ಗಂಗಾಂಬಿಕೆ ದಂಗಾದಳು. ನಾನೂ. ಪಾರ್ಲರಿನಲ್ಲಿ ಕಂಡ ಒಬ್ಬಿಬ್ಬರನ್ನು ಬಿಟ್ಟರೆ ನಮ್ಮ ಬೀದಿಯಾಚೆ ಯಾರಿಗೂ ಗೊತ್ತಿರದ ವಿಷಯ ಚೇಳೂರಿನ ಮುದುಕಿಗೆ ತಿಳಿದಿದ್ದಾದರೂ ಹೇಗೆ?

"ಬಂದಿತ್ತು. ನಿಂಗ್ಯಾರ್ ಹೇಳಿದ್ರು?"

"ಮಾತ್ರೆ ಎಸಿಯೇ! ಮೊದ್ಲು ಎಸಿ ಅದ್ನ!" ಅಜ್ಜಿ ತಲೆ ಚಚ್ಚಿಕೊಂಡಳು. "ಇದು ಅಮ್ಮ ಅಲ್ಲ ಕಣೇ. ನಿಂಗೂ ಅಮ್ಮ ಆಗಿರ್ಲಿಲ್ಲ. ಚಿಕ್ಕೋಳಿದ್ದಾಗ ನಿಂಗೆ ಪಿಡ್ಸ್ ಬಂತು, ಮಾತ್ರೆ ಕೊಟ್ರು, ಹಿಂಗೇ ಮೈಯೆಲ್ಲಾ ಸುಲಿದೋಯ್ತು. ಬೆಂಗ್ಳೂರ್ ಡಾಕ್ಟ್ರು ಈ ಮಾತ್ರೆನೇ ನಿಂಗೆ ವಿಷ ಅಂದ್ರು. ಪಿಡ್ಸ್ ಅಂದ್ರೆ ಯಾರ್ ಮದ್ವೆ ಆಯ್ತಾರೆ ಅಂತ ನಿಮ್ಮಪ್ಪ, ಅಮ್ಮ ಆಗಿತ್ತು ಅಂತ ಊರಿಗೆಲ್ಲಾ ಹೇಳ್ಬುಟ್ರು. ಪಿಡ್ಸ್ ಮತ್ತೆ ಬರ್ಲಿಲ್ಲ. ನಾನೂ ಬಾಯ್ ಮುಚ್ಕೊಂಡ್ ಬುಟ್ಟೆ."

ಗಂಗಾಂಬಿಕೆ ತನ್ನ ಎರಡೂ ತೋಳುಗಳನ್ನು ಮುಂದೆ ಚಾಚಿ ಆ ಕಲೆಗಳನ್ನು ಈಗಷ್ಟೇ ಯಾರೋ ಬರೆದುಹೋದ ಹಾಗೆ ನೋಡಿದಳು. ಇಷ್ಟು ವರ್ಷ ಮೊಸರನ್ನ ಹೊತ್ತದ್ದು ಯಾವುದಕ್ಕೆ? ಅಮ್ಮ ಮುನಿದು ಕಿತ್ತುಕೊಂಡಳು ಎಂದುಕೊಂಡಿದ್ದ ಕಣ್ಣೀರನ್ನು ಕಿತ್ತುಕೊಂಡದ್ದು ಒಂದು ಮಾತ್ರೆ. ಅದೇ ಮಾತ್ರೆಯನ್ನು ಇವಳು ಕೈಯಾರೆ ಮಗಳ ಬಾಯಿಗೆ ಹಾಕುತ್ತಿದ್ದಳು. ಅವತ್ತು ಬೆಳಿಗ್ಗೆಯೂ ಹಾಕಿದ್ದಳು.

ನನಗೆ ಆ ಮುದುಕಿಯ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಆದರೆ ಸಿಟ್ಟು ಮಾಡಲು ಅದು ಹೊತ್ತಲ್ಲ. ಹಿತ್ತಲಲ್ಲಿದ್ದ ಪ್ರಭುದೇವನನ್ನು ಕೂಗಿ, ಆಟೋ ಕರೆದು ಹುಡುಗಿಯನ್ನು ಹೊದಿಕೆ ಸಮೇತ ಎತ್ತಿಕೊಂಡು ಹೊರಟೆವು. ಬಾಗಿಲ ಬೇವಿನ ಸೊಪ್ಪು ಪ್ರಭುದೇವನ ತಲೆಗೆ ತಾಗಿ ಹರಿದು ಬಿತ್ತು, ಯಾರೂ ಅದರ ಕಡೆ ನೋಡಲಿಲ್ಲ. ತುಮಕೂರಿನ ಆಸ್ಪತ್ರೆಯವರು ನೋಡಿದ ತಕ್ಷಣ ಆಂಬುಲೆನ್ಸ್ ಹತ್ತಿಸಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸುಟ್ಟ ಗಾಯದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ಜೀವದ ಬಗ್ಗೆ ಏನೂ ಹೇಳಲಾಗುವುದಿಲ್ಲ, ಜೀವ ಉಳಿದರೂ ಕಣ್ಣಿನ ಮಾತು ಈಗಲೇ ಬೇಡ ಎಂದರು. ಗಂಗಾಂಬಿಕೆ ಗಾಜಿನ ಬಾಗಿಲ ಹೊರಗೆ ಒಣಗಣ್ಣಲ್ಲೇ ಕೂತಿದ್ದಳು. ಅಳಲು ಬಾರದವರ ಸಂಕಟ ಎಂಥದ್ದೆಂದು ನಾನು ಅವತ್ತು ನೋಡಿದೆ.

ಅಲ್ಲಿಯ ಲೇಡಿ ಡಾಕ್ಟರು ಮಗಳ ಜೊತೆಗೆ ತಾಯಿಯ ಉಗುರು, ಕಣ್ಣನ್ನೂ ನೋಡಿ ಎಲ್ಲ ಕೇಳಿಸಿಕೊಂಡರು. ಕಾಯಿಲೆಗೆ ಸ್ಟೀವನ್ಸ್ ಜಾನ್ಸನ್ ಎಂದು ಹೆಸರು ಎಂದರು. "ಮೂಗು, ಬಣ್ಣ ಅಪ್ಪ ಅಮ್ಮನಿಂದ ಬರೋ ಹಾಗೆ ಕೆಲವರಿಗೆ ಜೀನಿನಲ್ಲಿ ಒಂದು ಗುರುತು ಬರುತ್ತೆ. ಆ ಗುರುತಿದ್ದೋರಿಗೆಲ್ಲ ಹೀಗಾಗಲ್ಲ. ಆದ್ರೆ ಆಗೋ ಅಪಾಯ ಜಾಸ್ತಿ. ಮೊದಲೇ ರಕ್ತ ಟೆಸ್ಟ್ ಮಾಡಿಸಬಹುದು. ಅದಿಲ್ಲದಿದ್ರೂ ಪರವಾಗಿಲ್ಲ, ಅಮ್ಮನಿಗೆ ಹೀಗಾಗಿತ್ತು ಅಂತ ಒಂದು ಮಾತು ಹೇಳಿದ್ರೆ ಆ ಡಾಕ್ಟ್ರು ಬೇರೆ ಮಾತ್ರೆ ಕೊಡ್ತಿದ್ರು." ಒಂದು ಮಾತು! ದಾಕ್ಷಾಯಣಿ ಅಜ್ಜಿ ಗೋಡೆಗೆ ಮುಖ ಮಾಡಿ ಕೂತಳು. ತಾಯಿ ಮಗಳಿಬ್ಬರ ರಕ್ತ ಟೆಸ್ಟಿಗೆ ಹೋಯಿತು, ಇಬ್ಬರಲ್ಲೂ ಅದೇ ಗುರುತು ಸಿಕ್ಕಿತು. ಒಡಹುಟ್ಟಿದವರು, ಅವರ ಮಕ್ಕಳು, ಎಲ್ಲರಿಗೂ ತಿಳಿಸಿ ಎಂದು ಡಾಕ್ಟರು ಒತ್ತಿ ಹೇಳಿದರು.

ಸುಮನಾ ಉಳಿದಳು. ಕಣ್ಣೂ ಉಳಿಯಿತು, ಡ್ರಾಪ್ಸ್ ಮಾತ್ರ ಬಿಡುವ ಹಾಗಿಲ್ಲ. ಬೇರೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಸುಲಿದ ಜಾಗಗಳಲ್ಲಿ ತಾಯಿಯಂಥದ್ದೇ ಕಲೆ. ಗಂಗಾಂಬಿಕೆ ತನ್ನ ಅವ್ವನ ಜೊತೆ ಮಾತು ಬಿಟ್ಟಿದ್ದಳು. ಅಜ್ಜಿಯೋ ಮೊಮ್ಮಗಳ ಕಾಲ ಬಳಿಯಿಂದ ಏಳುತ್ತಿರಲಿಲ್ಲ.

ಮನೆಗೆ ಬಂದ ವಾರದಲ್ಲೇ ಅಜ್ಜಿಯ ಒಡಹುಟ್ಟಿದ ತಂಗಿ ಕುಣಿಗಲ್‌ನಿಂದ ನೋಡಲು ಬಂದಳು. ಗಂಗಾಂಬಿಕೆಗೆ ಚಿಕ್ಕಮ್ಮ. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಚಿಕ್ಕಮ್ಮ ಹುಡುಗಿಯ ಮುಖ ನೋಡಿ ಲೊಚಗುಟ್ಟಿ, "ಏನಾಗಿತ್ತಕ್ಕಾ ಮಗೀಗೆ?" ಎಂದಳು.

ದಾಕ್ಷಾಯಣಿ ಅಜ್ಜಿ ನಮ್ಮೆಲ್ಲರ ಮುಂದೆ, ಕಣ್ಣು ಕೂಡ ಮಿಟುಕಿಸದೆ, "ಅಮ್ಮ ಆಗಿತ್ತು ಕಣೇ" ಎಂದಳು.

ಇಷ್ಟೆಲ್ಲ ಆದ ಮೇಲೂ! ನಾನು ಬಾಯಿ ತೆಗೆಯುವಷ್ಟರಲ್ಲಿ, ಗಾಯ ಪೂರ್ತಿ ಮಾಯದ ತುಟಿಯಲ್ಲಿ ಸುಮನಾ ಮಾತಾಡಿದಳು.

"ಅಜ್ಜಿ, ನಾಳೆ ನಂಗೊಂದು ಮಗು ಆದ್ರೆ ಅದಕ್ಕೂ ಈ ಮಾತ್ರೆ ತಿನ್ಸೋಣ್ವಾ?"

ಅಜ್ಜಿ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ತಂಗಿಯ ಕಡೆ ತಿರುಗಿದಳು. "ಅಮ್ಮ ಅಲ್ಲ ಕಣೇ. ಪಿಡ್ಸ್ ಮಾತ್ರೆ. ಗಂಗಂಗೂ ಅವತ್ತು ಅದೇ ಆಗಿದ್ದು. ನಮ್ಮ ರಕ್ತದಲ್ಲೇ ಅದಕ್ಕೆ ಆಗ್ದು ಅಂತಾರೆ. ನಾನೇ ಸುಳ್ಳು ಹೇಳಿದ್ದು, ನಿಂಗೂ."

ಚಿಕ್ಕಮ್ಮನ ಕೈಯಲ್ಲಿದ್ದ ಮೋಸಂಬಿ ಚೀಲ ಜಾರಿ ಹಣ್ಣುಗಳು ಮಂಚದ ಕೆಳಗೆ ಉರುಳಿದವು.

"ಯಾವ್ ಮಾತ್ರೆ ಅಕ್ಕಾ? ಅದ್ರ ಹೆಸ್ರೇನು?" ಅವಳು ಅಕ್ಕನ ಕೈ ಹಿಡಿದುಕೊಂಡಳು. "ನಮ್ಮ ಸಿದ್ದಾರ್ಥಂಗೂ ಪಿಡ್ಸ್ ಬಂದೈತೆ. ಹೋದ್ ವಾರದಿಂದ ಮಾತ್ರೆ ಕೊಡ್ತಿದೀವಿ. ಮೊಮ್ಮಗನ್ ಹೆಸರು ಕೆಡ್ತದೆ ಅಂತ ಯಾರ್ಗೂ ಹೇಳಿಲ್ಲ ಕಣಕ್ಕಾ... ನಿನ್ನೆಯಿಂದ ಅವ್ನಿಗೆ ಜ್ವರ."

ಗಂಗಾಂಬಿಕೆ ಎದ್ದು ಬಂದು ಚಿಕ್ಕಮ್ಮನ ಕೈಯಿಂದ ಮೊಬೈಲ್ ಕಿತ್ತುಕೊಂಡಳು. "ಮನೇಲ್ ಯಾರಿದಾರೆ? ಮಾತ್ರೆ ನಿಲ್ಸೋಕ್ ಹೇಳು" ಎನ್ನುತ್ತಲೇ ನಂಬರು ಒತ್ತಿ ಸ್ಪೀಕರ್ ಹಾಕಿದಳು. ಕುಣಿಗಲ್‌ನಲ್ಲಿ ಫೋನು ರಿಂಗಾಗತೊಡಗಿತು. ನಾವೆಲ್ಲ ಕೇಳುತ್ತಾ ನಿಂತೆವು.