ಪಾಸ್‌ಪೋರ್ಟಿನೊಳಗೆ ಆಯಿಯ ಶ್ರೀಕಾರ

ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಬೆಳಗಾವಿಯಿಂದ ಖಾನಾಪುರಕ್ಕೆ ಪ್ಯಾಸೆಂಜರ್ ಗಾಡಿ ಹಿಡಿದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಎರಡು ರೂಪಾಯಿ ಚಿಲ್ಲರೆ ಟಿಕೆಟ್ಟು. ಚೀಲದಲ್ಲಿ ಖಾನಾಪುರದ ಸೋದರಮಾಮಾನಿಗೆ ಬೆಳಗಾವಿಯ ಸಿಹಿ ಕುಂದಾ, ಎಲ್ಲಕ್ಕೂ ಕೆಳಗೆ ಸೀರೆಯ ಮಡಿಕೆಯಲ್ಲಿ ನನ್ನ ಹೊಚ್ಚ ಹೊಸ ಪಾಸ್‌ಪೋರ್ಟು. ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಓದಲು ಸೇರಬೇಕಿತ್ತು. ನಾಲ್ಕು ದಿನ ಬಿಟ್ಟು ಬೊಂಬಾಯಿಯಲ್ಲಿ ವೀಸಾ ಸಂದರ್ಶನ. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯಲ್ಲೇ ಪಾಸ್‌ಪೋರ್ಟನ್ನು ಬಿಟ್ಟು ಬರಬಹುದಿತ್ತು. ಆದರೆ ಮಾಮಾನ ಮನೆಯಲ್ಲಿದ್ದ ಅಮ್ಮನ ತಾಯಿ, ನಮ್ಮ ಆಯಿ, "ಅದೇನೋ ಪುಸ್ತಕ ಬಂದೈತಂತಲ್ಲ, ತಂದ ತೋರಸು" ಎಂದು ಹೇಳಿ ಕಳಿಸಿದ್ದಳು.

ದೇಸೂರು ದಾಟಿದ ಮೇಲೆ ತಂಪು ಗಾಳಿ ಬೀಸತೊಡಗಿತು. ಎದುರಿಗೆ ಕುಳಿತ ಮರಾಠಿ ಮಾವಶಿಯೊಬ್ಬಳು ಚಕ್ಕುಲಿ ಕೊಟ್ಟಳು. ಅವಳು ಕೇಳದೇ ಇದ್ದರೂ ನಾನು ಇಂಗ್ಲೆಂಡಿನ ಸುದ್ದಿ ಹೇಳಿದೆ. ಆ ದಿನಗಳಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ, ಖರೇ ಹೇಳಬೇಕೆಂದರೆ ತುಸು ಜಂಬವೇ ಇತ್ತು.

ಮಾಮಾನದು ಹಂಚಿನ ವ್ಯಾಪಾರ. ದೀಪಾವಳಿಗೆ ಅಂಗಡಿಯ ಹೊಸ ಲೆಕ್ಕದ ಪುಸ್ತಕಗಳನ್ನು ಮನೆಯಲ್ಲೇ ಪೂಜಿಸುವ ರೂಢಿ. ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನರ ಮನೆಯಾದ್ದರಿಂದ ಪೂಜೆ ನಾಲ್ಕು ಗಂಟೆಗೇ. ಆಯಿ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ಹೊಸಾದಲ್ಲಾ? ದೇವರ ಮುಂದ ಇಡತೀನಿ ಕೊಡು."

ನಾನು ಖುಷಿಯಿಂದಲೇ ಕೊಟ್ಟೆ. ಕಟ್ಟೆಯ ಮೇಲೆ ಕುಳಿತು ಪಣತಿಗಳಿಗೆ ಬತ್ತಿ ಹಾಕಿ ಒಳಗೆ ಬಂದೆ. ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮಣೆಯ ಮೇಲೆ ಅಂಗಡಿಯ ಪುಸ್ತಕಗಳ ಸಾಲಿನಲ್ಲಿ ನನ್ನ ಪಾಸ್‌ಪೋರ್ಟೂ ತೆರೆದು ಕೂತಿತ್ತು. ಅದರ ಮೊದಲ ಖಾಲಿ ಪುಟದ ತುಂಬ, ಕಲಸಿದ ಕುಂಕುಮದಲ್ಲಿ, ದೊಡ್ಡದೊಂದು ಶ್ರೀ! ಆಯಿಯ ಉಂಗುರಬೆರಳು ಇನ್ನೂ ಕೆಂಪಾಗಿತ್ತು.

ಪಾಸ್‌ಪೋರ್ಟಿನಲ್ಲಿ ಒಂದು ಗೆರೆ ಎಳೆದರೂ ರದ್ದಾಗುತ್ತದೆಂದು ಅಪ್ಪ ನೂರು ಸಲ ಹೇಳಿದ್ದ. ಮಾಮಾ ಗಾಬರಿಯಾಗಿ ಧೋತರದ ಚುಂಗಿನಿಂದ ಒರೆಸಿದ. ಶ್ರೀ ಅಳಿಯಲಿಲ್ಲ, ಸುತ್ತಲಿನ ಕಾಗದವೂ ಗುಲಾಬಿಯಾಯಿತು.

"ಏನ ಮಾಡಿದಿ ಆಯಿ! ಇದು ಸರಕಾರದ್ದು! ಇಷ್ಟೂ ತಿಳಿಯಂಗಿಲ್ಲೇನು ನಿನಗ?" ಎಂದು ಕಿರುಚಿದೆ.

ಆಯಿ ಬೆಪ್ಪಾದಳು. "ಶ್ರೀ ಬರೀದನ ಹೊಸಾ ಪುಸ್ತಕ ಯಾರರ ಬಳಸ್ತಾರೇನವಾ?" ಎಂದಳು.

"ಹುಚ್ಚಿ, ದೊಡ್ಡವರಿಗೆ ಹಂಗ ಅಂತಾರೇನು?" ಎಂದು ಮಾಮಾ ಗದರಿದ. "ನಿಮ್ಮಿಂದ ನನ್ನ ಓದು ಮುಳುಗಿತು" ಎಂದು ನಾನು ಮೂಲೆ ಹಿಡಿದೆ. ಹೋಳಿಗೆ ಬಡಿಸಿದರೂ ಏಳಲಿಲ್ಲ. ನನಗಾಗಿ ಕಾಯುತ್ತ ಆಯಿಯೂ ಉಣ್ಣಲಿಲ್ಲ. ಹೊತ್ತು ಮುಳುಗಿತು. ಇನ್ನು ಆ ಮನೆಯಲ್ಲಿ ಅವಳಿಗೆ ಊಟವಿಲ್ಲ. ಅದು ಗೊತ್ತಿದ್ದೂ ನಾನು ಕೂತೇ ಇದ್ದೆ.

ಮರುದಿನ ಪಾಡ್ಯ. ಬೆಳಗಿನ ಗಾಡಿಗೆ ಹೊರಟೆ. ಆಯಿ ಸ್ಟೇಶನ್ನಿಗೆ ಬಂದಳು. ಮಾಮಾ ಚಕ್ಕುಲಿ-ಉಂಡಿ ತುಂಬಿದ ಫರಾಳದ ಡಬ್ಬಿ ಕೊಟ್ಟ. ಪಾಸ್‌ಪೋರ್ಟಿದ್ದ ಚೀಲ ನನ್ನ ಹೆಗಲಿನಿಂದ ಜಾರಿದಾಗ ಹಿಡಿಯಲು ಮುಂದಾದ ಆಯಿ, ಥಟ್ಟನೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನಾ ಮುಟ್ಟಂಗಿಲ್ಲವಾ. ನೀನ ಎತ್ತಿಕೋ."

ಗಾಡಿ ಇದ್ದಲಹೊಂಡ ದಾಟಿದ ಮೇಲೆ ನೆನಪಾಯಿತು, ನಾನು ಅವಳ ಕಾಲಿಗೆ ಬಿದ್ದಿರಲಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಹಾಗೆ ಆ ಊರು ಬಿಟ್ಟಿರಲಿಲ್ಲ. ಪಾಸ್‌ಪೋರ್ಟು ಕೆಟ್ಟಿದ್ದಕ್ಕಿಂತ ಅದೇ ಹೆಚ್ಚು ಕುಟುಕಿತು.

ಅಪ್ಪನೊಡನೆ ಮೀರಜದಲ್ಲಿ ಗಾಡಿ ಬದಲಿಸಿ ಬೊಂಬಾಯಿ ಸೇರಿದೆ. ವೀಸಾ ಕಚೇರಿಯ ಕೌಂಟರಿನ ಬಿಳಿಯ ಅಧಿಕಾರಿ ಪುಟ ತಿರುವುತ್ತ ಶ್ರೀಯ ಹತ್ತಿರ ನಿಂತ. ಇದೇನೆಂದು ಕೇಳಿದ. ನಮ್ಮಲ್ಲಿ ಹೊಸ ಪುಸ್ತಕದಲ್ಲಿ ಮೊದಲು ದೇವರ ಅಕ್ಷರ ಬರೆಯುತ್ತಾರೆ, ಅಜ್ಜಿ ಬರೆದಳು ಎಂದೆ. ಆತ ಆ ಕೆಂಪನ್ನು ತುಸು ಹೊತ್ತು ನೋಡಿದ. ಎದುರಿನ ಪುಟದಲ್ಲಿ ಧಡ್ಡನೆ ಮುದ್ರೆ ಒತ್ತಿದ. ಎರಡು ನಿಮಿಷದ ಕೆಲಸ! ಇಷ್ಟಕ್ಕೆ ನಾನು ಆಯಿಯನ್ನು ಉಪವಾಸ ಕೆಡವಿದ್ದೆ. ಸಂತೋಷಪಡಬೇಕಾದ ಜಾಗದಲ್ಲಿ ಅಳು ಬಂತು.

ತಿರುಗಿ ಬರುವಾಗ ಬೆಳಗಾವಿಯಲ್ಲಿ ಅಪ್ಪ ಇಳಿದ. ನಾನು ಇಳಿಯಲಿಲ್ಲ.

"ಎಲ್ಲಿಗಿ?"

"ಖಾನಾಪುರಕ್ಕ." ಅಪ್ಪ ನನ್ನ ಟ್ರಂಕು ಇಳಿಸಿಕೊಂಡು, ಓಡಿ ಹೋಗಿ ಮುಂದಿನ ಟಿಕೆಟ್ಟು ತಂದುಕೊಟ್ಟ.

ಆಯಿ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕಾಲಿಗೆ ಬಿದ್ದೆ. "ವೀಸಾ ಸಿಕ್ಕತು ಆಯಿ" ಎಂದು ಪಾಸ್‌ಪೋರ್ಟು ಚಾಚಿದೆ. ಅವಳ ಕೈ ಮತ್ತೆ ಸೆರಗಿನೊಳಗೆ ಹೋಯಿತು. "ತಪ್ಪಾತು ಆಯಿ. ನೀ ಮುಟ್ಟಲಾರದ ನಾ ಹೋಗಂಗಿಲ್ಲ" ಎಂದೆ. ಆಯಿ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ತನ್ನ ಶ್ರೀ ಇದ್ದ ಪುಟ ಹುಡುಕಿದಳು. ಅದರ ಎದುರಿನ ಮುದ್ರೆಯ ಮೇಲೆ ಕಣ್ಣು ಬಿದ್ದದ್ದೇ ತಡ, ಹೌಹಾರಿದಳು.

"ಅಯ್ಯ ಜಿನನೇ! ಹೊಸಾ ಪುಸ್ತಕದಾಗ ಕರೀ ಶಾಯಿ ಬಡದಾರಲ್ಲ! ಇಷ್ಟೂ ತಿಳಿಯಂಗಿಲ್ಲೇನವಾ ಆ ಮಂದಿಗಿ?"