ಎಡಗಡೆಯ ಹೈದರಾಬಾದ್

ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷ ನಾನು ಈ ಊರನ್ನು ಎಡಗಡೆಯಿಂದ ಮಾತ್ರ ನೋಡಿದೆ. ಸೀರೆ ಉಟ್ಟು, ಯಜಮಾನರ ಸ್ಕೂಟರಿನ ಹಿಂದೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತವಳಿಗೆ ಬಲಗಡೆ ಏನಿದೆಯೆಂದು ಹೇಗೆ ಗೊತ್ತಾಗಬೇಕು? ಬೇಗಂ ಬಜಾರಿಗೆ ಹೋಗುವಾಗ ತಿರುವಿನ ಹೂವಿನ ಅಂಗಡಿ, ಮೆಣಸಿನಕಾಯಿ ಮೂಟೆಗಳು, ಬರುವಾಗ ಸ್ಟೀಲ್ ಪಾತ್ರೆಯ ಅಂಗಡಿಗಳು. ದಾರಿಯೆಂದರೆ ನನಗೆ ಇವೇ ಗುರುತು. ಉಳಿದ ಊರೆಲ್ಲ ನನ್ನ ಬೆನ್ನ ಹಿಂದೆ ಸಾಗಿಹೋಗುತ್ತಿತ್ತು.

ಆ ವರ್ಷಗಳಲ್ಲಿ ಮಾದಾಪುರದ ಬಂಡೆಗಳನ್ನು ಒಡೆದೊಡೆದು ಗಾಜಿನ ಕಟ್ಟಡ ಕಟ್ಟುತ್ತಿದ್ದರು. ಅಂಥ ಒಂದು ಕಂಪನಿಗೆ, ಫೋನಿನಲ್ಲಿ ಗಿರಾಕಿಗಳ ತಕರಾರು ಕೇಳಿ ಸಮಾಧಾನ ಹೇಳಲು ಕನ್ನಡ ಬಲ್ಲವರು ಬೇಕೆಂದು ಪೇಪರಿನಲ್ಲಿ ಬಂತು. ಹೊರಗೆ ತೆಲುಗು, ಹಿಂದಿ ಮಾತಾಡಿಕೊಂಡು ಕನ್ನಡವನ್ನು ಮನೆಯೊಳಗೆ ಬೈಯುವುದಕ್ಕೆ ಇಟ್ಟುಕೊಂಡಿದ್ದ ನನಗೆ ನಗು ಬಂತು. ನಗುತ್ತಲೇ ಅರ್ಜಿ ಹಾಕಿದೆ. ಸೋಮವಾರ ಹತ್ತಕ್ಕೆ ಬರಬೇಕೆಂದು ಕರೆ ಬಂದಾಗ ಮಾತ್ರ ನಗು ಬಿಟ್ಟು ಟ್ರಂಕು ತೆರೆದೆ. ನನ್ನ ಬಿ.ಎ. ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಎರಡು ದಶಕ ಮಲಗಿತ್ತು. ದುಡಿಯಬೇಕೆಂಬ ಆಸೆಯೂ ಅಲ್ಲೇ ಮಲಗಿತ್ತು.

"ಈ ವಯಸ್ಸಿನ್ಯಾಗ ಯಾಕ ಬೇಕು ಇದೆಲ್ಲ? ಅಲ್ಲಿ ಬರೇ ಸಣ್ಣ ಹುಡುಗರು ಇರ್ತಾರ," ಎಂದರು ಯಜಮಾನರು.

"ಇದೊಂದು ಸಲ ಹೋಗಿ ಬರ್ತೀನ್ರಿ. ಆಗಲಿಲ್ಲಂದ್ರ ಮತ್ತ ಈ ಮಾತು ಎತ್ತೂದಿಲ್ಲ," ಎಂದೆ. ಬಾಯಿ ಜಾರಿ ಅಂದ ಮಾತಲ್ಲ ಅದು. ಅಂದ ಮೇಲೆ ನನಗೇ ಹೆದರಿಕೆಯಾಯಿತು.

ಸೋಮವಾರ ಅವರ ಸರ್ಕಾರಿ ಕಚೇರಿಗೆ ದೊಡ್ಡ ಸಾಹೇಬರು ಬರುವವರಿದ್ದರು, ನನ್ನನ್ನು ಬಿಡಲು ಆಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದ ಮಗಳ ಗೇರಿಲ್ಲದ ಗಾಡಿ ಮನೆಯಲ್ಲಿತ್ತು. ಅವಳೇ ಶಾಲೆಯ ಮೈದಾನದಲ್ಲಿ ನನಗೆ ಹೊಡೆಯಲು ಕಲಿಸಿ, ಲೈಸೆನ್ಸನ್ನೂ ಮಾಡಿಸಿದ್ದಳು. ಕಲಿಯುವವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಅನ್ನುತ್ತಾರೆ. ನನ್ನದು ಇನ್ನೂ ನಡುವೆ ಎಲ್ಲೋ ಇತ್ತು. ಮನೆಯಿಂದ ತರಕಾರಿ ಮಾರ್ಕೆಟ್ಟಿನ ಆಚೆಗೆ ಹೋದವಳಲ್ಲ. ಭಾನುವಾರ ಯಜಮಾನರು ತಮ್ಮ ಸ್ಕೂಟರಿನಲ್ಲಿ ಕರೆದೊಯ್ದು ದಾರಿ ತೋರಿಸಿದರು. ಯಥಾಪ್ರಕಾರ ಹಿಂದೆ ಕೂತು ಒಂದೊಂದೇ ಗುರುತು ಬಾಯಿಪಾಠ ಮಾಡಿದೆ: ಇರಾನಿ ಹೋಟೆಲು, ಟೈರು ಅಂಗಡಿ, ಗಿಡ ಮಾರುವ ನರ್ಸರಿ, ಆಮೇಲೆ ನೀಲಿ ಗಾಜಿನ ಕಟ್ಟಡ. ಎಲ್ಲವೂ ಎಡಕ್ಕೆ.

ಸೋಮವಾರ ಸೆರಗು ಬಿಗಿದು, ಹೆಲ್ಮೆಟ್ ಹಾಕಿಕೊಂಡು ಹೊರಟೆ. ಹೋಟೆಲು ಬಂತು, ಟೈರು ಅಂಗಡಿ ಬಂತು, ನರ್ಸರಿಯೂ ಬಂತು. ನೀಲಿ ಕಟ್ಟಡ ಮಾತ್ರ ಬರಲೇ ಇಲ್ಲ. ಎಡಕ್ಕೇ ಕಣ್ಣು ನೆಟ್ಟು ಹೋದೆ, ಹೋದೆ, ಕೊಂಡಾಪುರ ಮುಟ್ಟಿದೆ. ಮುಂದೆ ಬರೀ ಬಂಡೆ, ಅರ್ಧ ಕಟ್ಟಿದ ಅಪಾರ್ಟ್‌ಮೆಂಟು. ಚಹಾದ ಬಂಡಿಯವನನ್ನು ಕೇಳಿದರೆ ಅವನು ಸೌಟಿನಿಂದಲೇ ಹಿಂದಕ್ಕೆ ತೋರಿಸಿದ: "ವೋ ತೋ ಪೀಛೇ ರಹ ಗಯಾ ಅಮ್ಮಾ!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೊದಲು ರಸ್ತೆಗೇ ಬೈದೆ. ಆಮೇಲೆ ಹೊಳೆಯಿತು. ಭಾನುವಾರ ಯಜಮಾನರು ಕಟ್ಟಡವನ್ನು ದಾಟಿ, ಮುಂದೆ ತಿರುಗಿ ಬಂದು ಅದರ ಬಾಗಿಲಿಗೆ ನಿಲ್ಲಿಸಿದ್ದರು. ತಿರುಗುವಾಗ ನಾನು ಗಾಳಿಗೆ ಹಾರುವ ಸೆರಗು ಹಿಡಿಯುವ ಗಡಿಬಿಡಿಯಲ್ಲಿದ್ದೆ. ಹೋಗುವಾಗ ಅದು ಬಲಕ್ಕಿತ್ತು, ಅಂದರೆ ನನ್ನ ಬೆನ್ನ ಹಿಂದೆ.

ಗಂಟೆ ಹತ್ತು ಆಗಿಹೋಗಿತ್ತು. ಅಲ್ಲಿಂದಲೇ ಮನೆಗೆ ಹೋಗಿ "ಆಗಲಿಲ್ರಿ" ಎಂದರೆ ಯಾರೂ ಬೈಯುತ್ತಿರಲಿಲ್ಲ. ಅದೇ ನನ್ನನ್ನು ಕೆರಳಿಸಿತು. ಯಾರೂ ಬೈಯದಿದ್ದರೆ ನಾನು ಮತ್ತೆ ಟ್ರಂಕಿನ ತಳಕ್ಕೇ ಹೋಗುವವಳು. ಗಾಡಿ ತಿರುಗಿಸಿದೆ. ಅಗಲ ರಸ್ತೆ, ಖಾಲಿ ರಸ್ತೆ. ಎಡಕ್ಕೂ ನೋಡಿದೆ, ಬಲಕ್ಕೂ ನೋಡಿದೆ, ಎದುರಿಗೆ ಇಷ್ಟೊಂದು ಆಕಾಶ ಇರುತ್ತದೆಂದು ಅವತ್ತೇ ಗೊತ್ತಾದದ್ದು. ಇಂಟರ್‌ವ್ಯೂಗೆ ತಡವಾಗಿದ್ದವಳು ಹೆಲ್ಮೆಟ್ಟಿನೊಳಗೆ ನಗುತ್ತ ಹೋದೆ. ಅಷ್ಟು ಖುಷಿ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಅರ್ಧ ಗಂಟೆ ತಡ. ಮೇಜಿನಾಚೆ ಮೈಸೂರು ಕಡೆಯ ಹುಡುಗಿ, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು. ದಾರಿ ತಪ್ಪಿತೆಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನಗಲಿಲ್ಲ. ಕಂಪನಿಯ ವಿಳಾಸದ ಕಾಗದ ನನ್ನ ಮುಂದಿಟ್ಟು, "ನಾನೊಬ್ಬ ಗಿರಾಕಿ ಅಂದ್ಕೊಳ್ಳಿ," ಎಂದವಳೇ ದನಿ ಏರಿಸಿದಳು: "ಏನ್ರೀ, ಒಂದು ಗಂಟೆಯಿಂದ ಸುತ್ತುತ್ತಾ ಇದೀನಿ, ನಿಮ್ಮ ಆಫೀಸು ಸಿಗ್ತಾನೇ ಇಲ್ಲ!"

"ಸಿಟ್ಟಾಗಬ್ಯಾಡ್ರಿ," ಎಂದೆ. "ನಾನೂ ಇವತ್ತ ಹಂಗ ಸುತ್ತಿ ಬಂದೀನಿ. ಮೊದಲ ಇದನ್ನ ಹೇಳ್ರಿ, ನೀವು ಈಗ ಯಾವ ಕಡೆ ಮುಖ ಮಾಡಿ ನಿಂತೀರಿ?"

ಆಗ ನಕ್ಕಳು. "ಬೆಳಿಗ್ಗೆಯಿಂದ ಬಂದವರೆಲ್ಲ ವಿಳಾಸ ಓದಿ ಹೇಳಿದ್ರು ಮೇಡಂ. ಎಲ್ಲಿ ನಿಂತಿದೀರಾ ಅಂತ ಕೇಳಿದ್ದು ನೀವೊಬ್ರೇ." ಮುಂದಿನ ಸೋಮವಾರದಿಂದಲೇ ಬರಲು ಹೇಳಿದಳು.

ಕೆಲಸಕ್ಕೆ ಸೇರಿದ ಮೊದಲ ಭಾನುವಾರ ಯಜಮಾನರಿಗೆ, "ಇವತ್ತ ನೀವು ಹಿಂದ ಕೂಡ್ರಿ," ಎಂದೆ. ಓಣಿಯ ಮಂದಿ ನೋಡುತ್ತಾರೆಂದು ಹಿಂದೆ ಮುಂದೆ ನೋಡಿದರು, ಕೊನೆಗೆ ಕೂತರು. ಬೇಗಂ ಬಜಾರಿನ ತಿರುವಿನಲ್ಲಿ ನನ್ನ ಹೆಗಲು ಮುಟ್ಟಿದರು.

"ಏ, ಈ ಹೂವಿನ ಅಂಗಡಿ ಯಾವಾಗ ಹಾಕ್ಯಾರ?"

"ನಾ ಮದುವಿಯಾಗಿ ಬಂದಾಗಿಂದ ಐತ್ರಿ."

ಪಾಪ, ಇಪ್ಪತ್ತೆರಡು ವರ್ಷ ಅವರು ರಸ್ತೆಯನ್ನಷ್ಟೇ ನೋಡಿದ್ದರು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮೆಲ್ಲಗೆ ಅಂದರು:

"ಸ್ವಲ್ಪ ಸಾವಕಾಶ ಹೊಡಿ. ನೋಡ್ಕೋತ ಹೋಗೂಣು."