ಉಕ್ಕಿನ ನಿರಿಗೆ ಕಾಯುವ ರೋಸ್ವಿಥಾ

ಸೋಮವಾರ ಬೆಳಗಿನ ಜಾವ. ಇನ್ ನದಿಯ ಮಂಜು ಇನ್ನೂ ಸೇತುವೆ ಬಿಟ್ಟು ಎದ್ದಿಲ್ಲ. ವಾರದ ರಜೆಯಾದ್ದರಿಂದ, ಹಳೆಯ ಉಪ್ಪಿನ ಉಗ್ರಾಣದಲ್ಲಿರುವ ನಮ್ಮೂರ ಸಂಗ್ರಹಾಲಯದ ದೊಡ್ಡ ಬಾಗಿಲು ಮುಚ್ಚಿದೆ. ಒಳಗೆ ರೋಸ್ವಿಥಾ ಐಗ್ನರ್ ಉಂಗುರ, ಗಡಿಯಾರ, ಕೊರಳ ಸರ ಎಲ್ಲ ಬಿಚ್ಚಿಟ್ಟು, ಕೈಗವಸು ತೊಟ್ಟು, ಮೆತ್ತನೆಯ ಕುಂಚದಿಂದ ಒಬ್ಬ ಯೋಧನ ಮೊಣಕೈ ಧೂಳು ತೆಗೆಯುತ್ತಿದ್ದಾರೆ. ಯೋಧ ಎಂದರೆ ಒಳಗೆ ಯಾರೂ ಇಲ್ಲದ ಉಕ್ಕಿನ ಕವಚ. ಐನೂರು ವರ್ಷಗಳಿಗೂ ಹಿಂದೆ ಲಾಂಡ್ಸ್‌ಹೂಟ್ ಪಟ್ಟಣದ ಕಮ್ಮಾರನೊಬ್ಬ ಬಡಿದದ್ದು. ಪತ್ರಿಕೆಗೆ ಬರೆಯಲು ಬಂದ ನಾನು ನಮಸ್ಕಾರ ಹೇಳಿದರೆ ರೋಸ್ವಿಥಾ ಕೂಡಲೇ ಉತ್ತರ ಕೊಡುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಮುಖ ಆಚೆ ತಿರುಗಿಸಿ, ಆಮೇಲೆ ಬಾಯಿ ಬಿಡುತ್ತಾರೆ.

"ಇವನ ಎದುರಿಗೆ ನಿಂತು ಮಾತಾಡ್ಬಾರ್ದು. ಒಂದು ಹನಿ ಎಂಜಲು ಬಿದ್ರೆ ಮುಂದಿನ ವಾರ ಅಲ್ಲಿ ತುಕ್ಕು. ನೀನಂತೂ ಮಾತಾಡುವಾಗ ಸಿಡಿಸ್ತೀಯ, ಅಲ್ಲೇ ನಿಂತ್ಕೋ."

ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಅದಕ್ಕೇ ಈ ಮರ್ಯಾದೆ. ದೂರ ನಿಂತರೂ ನನಗೇನೂ ನಷ್ಟವಿಲ್ಲ. ಗಾಥಿಕ್ ಕಾಲದ ಈ ಕವಚವನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಇನ್ನೂ ಸಾಕೆನಿಸಿಲ್ಲ. ಸೊಂಟವನ್ನು ಯಾವ ದರ್ಜಿಯೂ ಇಷ್ಟು ಚೆನ್ನಾಗಿ ಹಿಡಿದಿರಲಿಕ್ಕಿಲ್ಲ. ಆ ಸೊಂಟದಿಂದ ಎದೆಯ ಎರಡೂ ಕಡೆಗೆ ಸಣ್ಣ ಸಣ್ಣ ನಿರಿಗೆಗಳು ಬೀಸಣಿಗೆ ಬಿಚ್ಚಿದಂತೆ ಹರಡಿವೆ. ಬಟ್ಟೆಗೆ ನಿರಿಗೆ ಹಿಡಿಯುವುದೇ ಕಷ್ಟ, ಇವನು ಉಕ್ಕಿಗೆ ಹಿಡಿದಿದ್ದಾನೆ. ಅದೂ ಬರೀ ಅಂದಕ್ಕಲ್ಲ. ನಿರಿಗೆ ಬಿದ್ದ ತೆಳು ತಗಡು ದಪ್ಪ ತಗಡಿನಷ್ಟೇ ಗಟ್ಟಿ.

ಇಂಥ ಹದಿನೆಂಟು ಕವಚಗಳು ರೋಸ್ವಿಥಾ ಸುಪರ್ದಿಯಲ್ಲಿವೆ. ಸೋಮವಾರಕ್ಕೊಂದರಂತೆ ಪಾಳಿ. ಧೂಳು ತೆಗೆಯುವುದು, ತುಕ್ಕಿನ ಚುಕ್ಕೆ ಹುಡುಕುವುದು, ತೆಳ್ಳಗೆ ಮೇಣ ಸವರುವುದು, ಒಳಗಿನ ತೊಗಲಿನ ಪಟ್ಟಿ ಬಿರುಕು ಬಿಟ್ಟಿದ್ದರೆ ಹೊಸದು ಕೂರಿಸುವುದು. ಚಳಿಗಾಲದಲ್ಲೂ ಸಭಾಂಗಣವನ್ನು ಹೆಚ್ಚು ಬೆಚ್ಚಗೆ ಮಾಡುವಂತಿಲ್ಲ. ಬೆರಳು ಮರಗಟ್ಟಿದರೆ ಕಂಕುಳಲ್ಲಿಟ್ಟುಕೊಂಡು ಮತ್ತೆ ಕೆಲಸ. ಉಳಿದ ದಿನ ಬರುವ ಪ್ರವಾಸಿಗರು ಅವರನ್ನು ಕೇಳುವುದು ಒಂದೇ ಪ್ರಶ್ನೆ: ಶೌಚಾಲಯ ಎಲ್ಲಿ? ಹನ್ನೆರಡು ವರ್ಷದ ಹಿಂದೆ ಅವರು ಕೃತಕ ಹಲ್ಲು ತಯಾರಿಸುವ ಕೆಲಸದಲ್ಲಿದ್ದರು. "ಅಲ್ಲೂ ಇದೇ ಕತೆ. ಹಲ್ಲು ಚೆನ್ನಾಗಿ ಕೂತ್ರೆ ಮಾಡಿದವರ ನೆನಪು ಯಾರಿಗೂ ಬರಲ್ಲ" ಎಂದು ನಗುತ್ತಾರೆ.

ಅವರಿಗಿಂತ ಮುಂಚೆ ಈ ಕೆಲಸ ಅವರ ತಾಯಿ ಸೆಂಜಿಯಮ್ಮನದು. ಆಗ ಪದ್ಧತಿಯೇ ಬೇರೆ. ಪ್ರತಿ ಶನಿವಾರ ನುಣ್ಣಗೆ ಅರೆದ ಇಟ್ಟಿಗೆ ಪುಡಿಗೆ ಎಣ್ಣೆ ಕಲಸಿ, ಉಣ್ಣೆ ಬಟ್ಟೆಯಲ್ಲಿ ಗಸಗಸ ಉಜ್ಜುವುದು. ಹಾಗೆಂದು ಹೇಳಿಕೊಟ್ಟವರೂ ಇದ್ದರು, ಭೇಷ್ ಎಂದವರೂ ಇದ್ದರು. ಭಾನುವಾರ ಚರ್ಚು ಮುಗಿಸಿ ಬಂದ ಊರ ಜನ ಆ ಹೊಳಪು ನೋಡಿ ಬಾಯಿ ಬಿಡುತ್ತಿದ್ದರು. ಮದುವೆಯಾದ ಜೋಡಿ ಈ ಯೋಧನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದಿದ್ದರೆ ಮದುವೆಯೇ ಪೂರ್ತಿಯಾಗದು. ನನ್ನ ಹೆಂಡತಿಯ ಮುಸುಕೂ ಅವನ ಎದೆಯಲ್ಲಿ ಹೊಳೆದಿದೆ. ಊರಿನ ಅರ್ಧ ಮದುವೆಗಳಿಗೆ ಬೆಳಕು ಕೊಟ್ಟವಳು ತಾನು ಎಂದು ಸೆಂಜಿಯಮ್ಮ ಇವತ್ತಿಗೂ ಬೇಕರಿಯಲ್ಲಿ ಸರದಿ ನಿಂತವರಿಗೆಲ್ಲ ಹೇಳುತ್ತಾರೆ.

ಈಗ ಅದೇ ತೊಡಕಾಗಿದೆ. ಬರುವ ಭಾನುವಾರ ಹೊಸ ದೀಪಗಳೊಂದಿಗೆ ಸಭಾಂಗಣ ಮತ್ತೆ ತೆರೆಯುತ್ತದೆ. ಯೋಧನನ್ನು ಗಾಲಿಯ ಪೀಠದ ಮೇಲೆ ನಡುವೆ ನಿಲ್ಲಿಸಿದ್ದಾರೆ. ಬೆಳಕು ಪಕ್ಕದಿಂದ ಬೀಳುತ್ತದೆ. ಆ ಬೆಳಕಿನಲ್ಲಿ ಬಲ ಎದೆಯ ಒಂದೊಂದು ನಿರಿಗೆಯೂ ಕಡೆದಿಟ್ಟಂತೆ ಕಾಣುತ್ತದೆ. ಎಡ ಎದೆ ಮಾತ್ರ ಹಳೇ ನಾಣ್ಯದ ಹಾಗೆ ಸವೆದಿದೆ. ಹಿಂದೆಲ್ಲ ಬಾಗಿಲಿಂದ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಆ ಕಡೆ. ಹಾಗಾಗಿ ಸೆಂಜಿಯಮ್ಮ ಅಲ್ಲಿ ಹೆಚ್ಚು ಉಜ್ಜಿದ್ದಾರೆ.

ರೋಸ್ವಿಥಾ ಪೀಠವನ್ನು ಓರೆ ಮಾಡಿ, ಸವೆದ ಎದೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದಾರೆ.

"ಇದನ್ನ ಬರೀಬೇಡ. ಅಮ್ಮನಿಗೆ ಎಪ್ಪತ್ತೊಂಬತ್ತು. ಜೀವಮಾನದಲ್ಲಿ ಹೆಮ್ಮೆಪಟ್ಟಿದ್ದು ಇದೊಂದಕ್ಕೇ. ಅದನ್ನೂ ನಾನೇ ಕಿತ್ಕೊಳ್ಳಲಾ?"

ಆ ಮಾತು ಮುಗಿಯುವಷ್ಟರಲ್ಲಿ ಹಿಂಬಾಗಿಲು ಕಿರ್ರೆನ್ನುತ್ತದೆ. ಬಿಸಿ ಬ್ರೆಟ್ಸೆಲ್ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದವರು ಸಾಕ್ಷಾತ್ ಸೆಂಜಿಯಮ್ಮ. ಮಗಳಿಗೆ ತಿಂಡಿ ತರುವ ನೆಪದಲ್ಲಿ ಪ್ರತಿ ಸೋಮವಾರ ತಪಾಸಣೆ ಮಾಡದಿದ್ದರೆ ಅವರಿಗೆ ಸಮಾಧಾನವಿಲ್ಲ.

"ಇದೇನೇ ಇವನ್ನ ಹೀಗೆ ನಿಲ್ಸಿದ್ದೀಯ? ಮದುವೆ ಮನೇಲಿ ಮುನಿಸ್ಕೊಂಡ ಬೀಗನ ಥರ!"

"ಬೆಳಕು ಆ ಕಡೆಯಿಂದ ಬರುತ್ತಲ್ಲಮ್ಮ, ಅದಕ್ಕೆ."

ಸೆಂಜಿಯಮ್ಮ ಕೇಳಿ ಸುಮ್ಮನಾಗುವವರಲ್ಲ. ಸುತ್ತು ಹಾಕಿ ಗೋಡೆಯ ಕಡೆಗೆ ಹೋಗುತ್ತಾರೆ. ಅಲ್ಲಿಂದ ಒಂದು ಕೈ ಮಾತ್ರ ಈಚೆಗೆ ಚಾಚಿಕೊಳ್ಳುತ್ತದೆ. ರೋಸ್ವಿಥಾ ತಮ್ಮ ಕೈಗವಸು ಕಳಚಿ ಕೊಡುತ್ತಾರೆ. ಮುದುಕಿ ಅದನ್ನು ತೊಟ್ಟು ಮೊದಲು ಬಲ ಎದೆಯ ಮೇಲೆ, ಆಮೇಲೆ ಎಡ ಎದೆಯ ಮೇಲೆ ಬೆರಳಾಡಿಸುತ್ತಾರೆ.

"ಇಲ್ಲಿ ಸವೆದಿದೆ."

"ಹೂಂ."

"ನಾನು ನಿಲ್ತಿದ್ದ ಕಡೆ."

"ಹೂಂ, ಅಮ್ಮ."

"ನಿಂಗೆ ಯಾವಾಗಿಂದ ಗೊತ್ತು?"

"ಕೆಲಸಕ್ಕೆ ಸೇರಿದ ಮೊದಲನೇ ವಾರದಿಂದ."

"ಹನ್ನೆರಡು ವರ್ಷ ಬಾಯಿ ಮುಚ್ಕೊಂಡಿದ್ದೆಯಾ? ನನ್ನ ಮಗಳು ಅಂದ್ರೆ ಯಾರು ನಂಬ್ತಾರೆ!" ಎನ್ನುತ್ತಾರೆ ಸೆಂಜಿಯಮ್ಮ. ದನಿ ಜೋರಾಗಿಯೇ ಇದೆ, ಆದರೆ ಕಣ್ಣಲ್ಲಿ ನೀರು. ಕವಚದ ಮೇಲೆ ಬೀಳದಂತೆ ತಾವೇ ಹಿಂದೆ ಸರಿಯುತ್ತಾರೆ.

"ತಿರುಗಿಸು ಇವನ್ನ. ಜನದ ಕಡೆಗೆ."

"ಅಮ್ಮ, ಎಲ್ಲರಿಗೂ ಕಾಣುತ್ತೆ."

"ಕಾಣ್ಲಿ. ಕದ್ದಿದ್ದಲ್ಲ, ಉಜ್ಜಿದ್ದು. ತಪ್ಪೋ ಒಪ್ಪೋ, ನಲವತ್ತು ವರ್ಷ ಶನಿವಾರ ಎಲ್ಲಿದ್ದೆ ಅಂತ ಕೇಳಿದ್ರೆ ತೋರ್ಸೋಕೆ ಒಂದು ಜಾಗ ಆಯ್ತು. ಏನಪ್ಪಾ ಪತ್ರಿಕೆಯವನೇ, ಬಾಯಿ ಬಿಟ್ಕೊಂಡು ನಿಂತಿದ್ದೀಯಲ್ಲ, ಇದನ್ನೂ ಬರ್ಕೋ."

ತಾಯಿ, ಮಗಳು ಇಬ್ಬರೂ ಪೀಠಕ್ಕೆ ಕೈಕೊಟ್ಟು ನಿಧಾನವಾಗಿ ತಳ್ಳುತ್ತಾರೆ. ಸವೆದ ಎದೆ ಬಾಗಿಲ ಕಡೆಗೆ ತಿರುಗುತ್ತದೆ. ನನಗೆ ಸುಮ್ಮನಿರಲಾಗುವುದಿಲ್ಲ. ಅಮ್ಮನ ಕೆಲಸ ಇಲ್ಲಿ ಕಾಣುತ್ತದೆ, ನಿನ್ನದು ಎಲ್ಲಿ ಎಂದು ರೋಸ್ವಿಥಾರನ್ನು ಕೇಳುತ್ತೇನೆ.

"ನಂದು ಕಾಣಬಾರದು ಕಣೋ. ನಾನು ಹೋದ್ಮೇಲೆ ಬರೋರು ಇದರ ಮೇಲೆ ಬೆರಳಾಡಿಸಿ, ಇಷ್ಟು ವರ್ಷ ಇಲ್ಲಿ ಯಾರೂ ಇರ್ಲೇ ಇಲ್ಲ ಅಂದ್ಕೋಬೇಕು. ನಂಗೆ ಅಷ್ಟು ಸಾಕು."

"ಕೆಲಸ ಮಾಡ್ದೆ ಸಂಬಳ ತಿಂದಳು ಅಂತಾರೆ ಕಣೇ!" ಎಂದು ಸೆಂಜಿಯಮ್ಮ ಬ್ರೆಟ್ಸೆಲ್ ಮುರಿದು ಮಗಳ ಕೈಗಿಡುತ್ತಾರೆ.

"ಹಾಗಂದ್ರೆ ನಾನು ಗೆದ್ದೆ ಅಂತ, ಅಮ್ಮ."